ಪಡಸಾಲೆಯ ಪಡುವಣ ಗೋಡೆ

ಇದನ್ನು ಹೇಳಬೇಕೆಂದು ಮೊದಲ ಸಲ ಅಂದುಕೊಂಡಾಗ ನನ್ನ ಕೈ ನಡುಗುತ್ತಿರಲಿಲ್ಲ. ಈಗ ನಡುಗುತ್ತದೆ. ಮೊದಲು ಕೆಲಸದ ಗಡಿಬಿಡಿ ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ಆಮೇಲೆ ಮಗಳ ಮದುವೆ ಆಗಲಿ ಎಂದೆ. ಆಮೇಲೆ ಕಣ್ಣಿನ ಆಪರೇಶನ್ ಆಗಲಿ, ಅಕ್ಷರ ಚೆನ್ನಾಗಿ ಕಾಣುವಾಗ ಬರೆದರಾಯಿತು ಎಂದೆ. ಆಪರೇಶನ್ ಆಯಿತು. ಅಕ್ಷರ ಚೆನ್ನಾಗಿ ಕಂಡವು. ಹೇಳಿಕೊಳ್ಳಲು ನೆಪ ಉಳಿಯದ್ದರಿಂದ ನೆಪವಿಲ್ಲದೆಯೇ ಎರಡು ವರ್ಷ ಸುಮ್ಮನಿದ್ದೆ.

ನಾನು ಮನೆಗಳಿಗೆ ಸುಣ್ಣ, ಬಣ್ಣ ಹಚ್ಚುತ್ತಿದ್ದವನು. ದುಡಿದದ್ದೆಲ್ಲ ಹಾನಗಲ್ಲಿನಲ್ಲಿ; ಈಗ ಇರುವುದು ಹಿರೇಕೆರೂರಿನಲ್ಲಿ, ಮಗಳ ಮನೆಯಲ್ಲಿ. ಎಸ್.ಎಸ್.ಎಲ್.ಸಿ. ಪಾಸಾಗಿದ್ದೇನೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ನಾನು ಮಾಡಿದ್ದನ್ನು ಅಕ್ಷರ ಬಾರದವನೊಬ್ಬ ಮಾಡಿದ್ದರೆ ಅವನಿಗೆ ಗೊತ್ತಿರಲಿಲ್ಲ ಎಂದು ಬಿಡಬಹುದಿತ್ತು. ನಾನು ಒಂದೊಂದು ಸಾಲನ್ನೂ ಓದಿಕೊಂಡೇ ಮಾಡಿದೆ.

ಹಾನಗಲ್ಲಿನ ಹಳೆಯ ಓಣಿಯೊಂದರಲ್ಲಿ ಒಬ್ಬ ದೊಡ್ಡ ಕಾದಂಬರಿಕಾರರ ಮನೆ ಇದೆ. ಅವರ ಪಾಠವೊಂದು ನಮಗೆ ಹತ್ತನೆಯ ಇಯತ್ತೆಯಲ್ಲಿತ್ತು. ಈಗ ಆ ಮನೆ ಸ್ಮಾರಕ. ಹೊರಗೆ ಚಪ್ಪಲಿ ಬಿಟ್ಟು, ದಪ್ಪ ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಹೋಗಬೇಕು. ಅವರ ಕನ್ನಡಕ, ಕೊಡೆ, ಕೋಟು, ಎಲೆ ಅಡಿಕೆ ಚಂಚಿ ಗಾಜಿನ ಪೆಟ್ಟಿಗೆಯಲ್ಲಿವೆ. ನಾನು ಸುಣ್ಣ ಹಚ್ಚಲು ಆ ಮನೆಗೆ ಹೋಗತೊಡಗಿದಾಗ ಅವರು ತೀರಿಕೊಂಡಿದ್ದರು. ಅವರ ಮಗನೂ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಸೊಸೆ ಒಬ್ಬರೇ. ಓಣಿಯವರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಮೊದಲ ವರ್ಷ ದೀಪಾವಳಿ ಎದುರಿಗಿತ್ತು. ನಾನು ಸುಣ್ಣದ ಡಬ್ಬಿ ನೆಲಕ್ಕಿಡುವ ಮೊದಲೇ ಅಕ್ಕಾರು ಪಡಸಾಲೆಯ ಪಡುವಣ ಗೋಡೆ ತೋರಿಸಿದರು.

"ಇದೊಂದು ಬಿಟ್ಟು ಎಲ್ಲಾ ಹಚ್ಚಪಾ."

"ಯಾಕ್ರಿ ಅಕ್ಕಾರ, ಎಲ್ಲಾದಕ್ಕಿಂತ ಇದ ಹೊಲಸಾಗೇತಿ."

"ಹೊಲಸಲ್ಲ ಅದು. ಮಾವನೋರ ಅಕ್ಷರ."

ಹತ್ತಿರ ಹೋಗಿ ನೋಡಿದೆ. ಗೋಡೆಯ ತುಂಬ ಪೆನ್ಸಿಲಿನ ಬರಹ. ಊಟವಾದ ಮೇಲೆ ಎದುರಿನ ಕಂಬಕ್ಕೆ ಒರಗಿ ಕೂಡುವುದು, ಏನಾದರೂ ಹೊಳೆದರೆ ಎದ್ದು ಹೋಗಿ ಗೋಡೆಯ ಮೇಲೆ ಬರೆಯುವುದು ಅವರ ರೂಢಿಯಾಗಿತ್ತಂತೆ. ಕಾಗದ ಹುಡುಕುತ್ತ ಒಳಗೆ ಹೋದರೆ ಹೊಳೆದದ್ದು ಹೊರಗೆ ಹೋಗುತ್ತದೆ ಎನ್ನುತ್ತಿದ್ದರಂತೆ. ಗಟ್ಟಿಯಾಗಿದ್ದಾಗ ನಿಂತು ಬರೆದದ್ದು ಮೇಲೆ ಇತ್ತು. ಕಾಲು ಸೋತ ಮೇಲೆ ಕುಂತು ಬರೆದದ್ದು ಕೆಳಗೆ ಇತ್ತು.

ಅಂದಿನಿಂದ ಇಪ್ಪತ್ತು ವರ್ಷ ಆ ಮನೆಗೆ ನಾನೇ ಸುಣ್ಣ ಹಚ್ಚಿದೆ. ಕೆಲಸ ನಡೆದಷ್ಟು ಹೊತ್ತೂ ಅಕ್ಕಾರು ಆ ಗೋಡೆಗೆ ಹಳೆಯ ಸೀರೆ ಇಳಿಬಿಟ್ಟು, ಅದರ ಮುಂದೆ ಮಣೆ ಹಾಕಿಕೊಂಡು ಕೂಡುತ್ತಿದ್ದರು. ಒಂದು ಹನಿ ಆ ಕಡೆ ಸಿಡಿದರೆ ಸೆರಗಿನಿಂದ ಒರೆಸುತ್ತಿದ್ದರು. ದೀಪಾವಳಿಗೆ ಬಂದ ಹೆಂಗಸರು ಬೆಳ್ಳಗಿನ ಪಡಸಾಲೆಯಲ್ಲಿ ಕಂದು ಬಣ್ಣದ ಒಂದು ಗೋಡೆ ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಏನ್ರೀ ಅಕ್ಕಾರ, ಸುಣ್ಣ ಇಲ್ಲಿಗೇ ಮುಗೀತೇನ್ರಿ? ಹೇಳಿದ್ರ ನಾವ ಒಂದು ತಂಬಿಗಿ ಕೊಡ್ತಿದ್ವಲ್ಲ."

"ಹೂಂರಿ, ಮುಗೀತು. ಮುಂದಿನ ವರ್ಷ ಜಾಸ್ತಿ ಕಲಸಸ್ತೇನಿ."

ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಅವರು ನಗುತ್ತಿರಲಿಲ್ಲ. ನನಗೆ ಚಹಾ ಕೊಡುವಾಗ ಮಾತ್ರ ಕಣ್ಣು ಸ್ವಲ್ಪ ಕಿರಿದಾಗುತ್ತಿತ್ತು.

ಆಮೇಲೆ ಊರಿನ ಹಿರಿಯರು ಸೇರಿ ಒಂದು ಸಮಿತಿ ಮಾಡಿದರು. ಒಬ್ಬ ನಿವೃತ್ತ ಪ್ರಾಧ್ಯಾಪಕರು ಅಧ್ಯಕ್ಷರಾದರು. ಮನೆಯನ್ನು ಸ್ಮಾರಕ ಮಾಡುತ್ತೇವೆ, ಬಿಟ್ಟುಕೊಡಿ ಎಂದು ಕೇಳಿದರು. ಅಕ್ಕಾರು ಒಪ್ಪಿದರು. ಗೋಡೆಗೆ ಕೈ ಹಚ್ಚಬಾರದು ಎಂಬುದೊಂದೇ ಅವರ ಮಾತು. ಅಧ್ಯಕ್ಷರು, "ಗೋಡೆ ಸಲುವಾಗೇ ಸ್ಮಾರಕ ಮಾಡೋದ್ರಿ ತಾಯಿ" ಎಂದಿದ್ದರು. ಇದನ್ನು ಯಾರೂ ಬರೆದಿಡಲಿಲ್ಲ. ಬಣ್ಣದ ಕೆಲಸ ನನಗೆ ಬಂತು. ಈ ಸಲ ಸುಣ್ಣವಲ್ಲ. ಗೋಡೆ ನುಣ್ಣಗಾಗಲು ಪುಟ್ಟಿ ಹಿಟ್ಟು ಬಳಿದು, ಮೇಲೆ ಕೆನೆ ಬಣ್ಣ.

ಕೆಲಸ ಶುರುವಾದ ಮರುದಿನ ಸವಣೂರಿನಿಂದ ಫೋನು ಬಂತು. ಅಕ್ಕಾರ ತಮ್ಮನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಅಕ್ಕಾರು ಚೀಲ ಹಿಡಿದು ಹೊರಟು, ಹೊಸ್ತಿಲು ದಾಟಿ, ತಿರುಗಿ ನಿಂತರು.

"ಗ್ವಾಡಿ ಗೊತ್ತೈತಲ್ಲ?"

"ಅಕ್ಕಾರ, ಇಪ್ಪತ್ತು ವರ್ಷ ಆತು. ಗೊತ್ತಿಲ್ಲೇನ್ರಿ ನನಗ?"

"ಹಂಗಲ್ಲಪಾ, ಮಣಿ ಮ್ಯಾಲ ಕುಂಡ್ರವ್ರು ಯಾರೂ ಇಲ್ಲ ಅಂತ ಅಂದೆ."

ಬಣ್ಣದವರ ಒಂದು ವಿಷಯ ಇಲ್ಲಿ ಹೇಳಬೇಕು. ಹಳೆಯ ಸುಣ್ಣದ ಮೇಲೆ ಪುಟ್ಟಿ ನಿಲ್ಲುವುದಿಲ್ಲ. ಮೈಗಳ್ಳರು ಹಾಗೇ ಬಳಿದು ಹೋಗುತ್ತಾರೆ. ಆರು ತಿಂಗಳಲ್ಲಿ ಅದು ಹಪ್ಪಳದಂತೆ ಎದ್ದು ಬೀಳುತ್ತದೆ. ಚಲೋ ಕೆಲಸಗಾರ ಮೊದಲು ಸುಣ್ಣವನ್ನು ತಗಡಿನಿಂದ ಪೂರ್ತಿ ಹೆರೆದು, ಉಸುಕಿನ ಕಾಗದದಿಂದ ಉಜ್ಜಿ, ಗಿಲಾವು ಕಾಣುವ ತನಕ ಬಿಡುವುದಿಲ್ಲ. ಹಾನಗಲ್ಲಿನಲ್ಲಿ ನನ್ನ ಹೆಸರು ಚಲೋ ಕೆಲಸಗಾರ ಎಂದೇ ಇತ್ತು. ಮೈಗಳ್ಳನೊಬ್ಬನಿಗೆ ಆ ಕೆಲಸ ಕೊಟ್ಟಿದ್ದರೆ ಪೆನ್ಸಿಲಿನ ಬರಹ ಈಗಲೂ ಬಣ್ಣದ ಒಳಗೆ ಇರುತ್ತಿತ್ತು. ಯಾವತ್ತಾದರೂ ತೆಗೆಯಬಹುದಿತ್ತು.

ಮೂರು ಗೋಡೆ ಮುಗಿಸಿದೆ. ಕನ್ನಡಿಯಂತೆ ಬಂದವು. ನಾಲ್ಕನೆಯದು ಅವುಗಳ ನಡುವೆ ಹರಕು ಅಂಗಿಯಂತೆ ನಿಂತಿತ್ತು. ಎದುರಿನ ಚಹಾದಂಗಡಿಯವನು ಗ್ಲಾಸು ತೆಗೆದುಕೊಂಡು ಹೋಗಲು ಬಂದು ಒಳಗೆ ಇಣುಕಿದ.

"ಏನ್ ಮಾಮಾ, ಮಾಲು ಕಮ್ಮಿ ಬಿತ್ತೇನು?"

"ಅದನ್ನ ಹಂಗ ಬಿಡೂದೈತಿ."

"ಬಿಡ್ರಿ ಬಿಡ್ರಿ. ಉದ್ಘಾಟನೆಗೆ ಮಂತ್ರಿ ಬಂದಾಗ ಅದರ ಮುಂದ ನಿಮ್ಮನ್ನ ನಿಲ್ಲಸ್ತೀವಿ, ಮುಚ್ಚತೈತಿ."

ಮಧ್ಯಾಹ್ನ ಇನ್ನೊಬ್ಬ ಬಣ್ಣದವನು ಬಂದ. ಕೆಲಸ ತನಗೆ ಸಿಗಲಿಲ್ಲ ಎಂದು ಅವನಿಗೆ ಉರಿ ಇತ್ತು. ಏನೂ ಮಾತಾಡಲಿಲ್ಲ. ಮೂರು ಗೋಡೆಗಳನ್ನು ಒಮ್ಮೆ ನೋಡಿದ, ನಾಲ್ಕನೆಯದನ್ನು ಬಹಳ ಹೊತ್ತು ನೋಡಿದ, ಹೋದ. ಅವನು ಬೈದಿದ್ದರೆ ಬಹುಶಃ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತಗಡು ತೆಗೆದುಕೊಂಡೆ. ಕೆಳಗಿನ ಒಂದು ಗೇಣು ಮಾತ್ರ, ಅಲ್ಲಿ ಬರಹ ತೆಳುವಾಗಿದೆ ಎಂದುಕೊಂಡೆ. ಒಂದು ಗೇಣು ಹೆರೆದ ಮೇಲೆ ಅಂಚು ಸೊಟ್ಟ ಕಂಡಿತು. ನೆಟ್ಟಗೆ ಮಾಡಲು ಇನ್ನೊಂದು ಗೇಣು ಹೆರೆದೆ. ಇಷ್ಟರಲ್ಲಿ ನನಗೆ ಒಂದು ಸಮಾಧಾನವೂ ಸಿಕ್ಕಿತು. ಇವರು ಬರೆದದ್ದೆಲ್ಲ ಹೇಗೂ ಪುಸ್ತಕವಾಗಿ ಅಚ್ಚಾಗಿದೆ, ಗೋಡೆಯ ಮೇಲಿನದು ಅದರ ಕಚ್ಚಾ ಪ್ರತಿ ಇರಬೇಕು ಎಂದು. ಕಚ್ಚಾ ಪ್ರತಿಯನ್ನು ನಾವು ಶಾಲೆಯಲ್ಲಿ ಹರಿದು ಬಿಸಾಕುತ್ತಿದ್ದೆವು.

ಓದುತ್ತ ಹೆರೆದೆ. ಅದರಲ್ಲಿ ನೆನಪಿರುವುದು ಕೆಲವೇ. "ಬಾವಿ ಹಗ್ಗ ಸವೆದಿದೆ." "ಸಿಟ್ಟು ಬಂದಾಗ ಅವನು ಎಡಗೈಯಿಂದ ಬಾಗಿಲು ಹಾಕುತ್ತಾನೆ." "ಕಥೆಯ ಮುದುಕಿ ಸಾಯಬಾರದು." ಇದರ ಕೆಳಗೆ, ಬೇರೆ ದಿನ ಬರೆದದ್ದು: "ಸತ್ತಳು. ನಾನೇನು ಮಾಡಲಿ." ಎಲ್ಲಕ್ಕೂ ಕೆಳಗೆ, ಕುಂತು ಬರೆದದ್ದು: "ಸೊಸೆ ಇವತ್ತು ಹಾಡುತ್ತಿದ್ದಳು. ನಾನು ಕೇಳಿದ್ದು ಆಕೆಗೆ ಗೊತ್ತಿಲ್ಲ." ಕೆಳಗಿನಿಂದ ಶುರು ಮಾಡಿದ್ದರಿಂದ ಮೊದಲು ಹೋದದ್ದು ಅದೇ.

ಸಂಜೆಯ ಒಳಗೆ ಪುಟ್ಟಿಯ ಮೊದಲ ಕೈ ಆಯಿತು. ನಾಲ್ಕು ಗೋಡೆಯೂ ಒಂದೇ ಸಮ. ನಿಜ ಹೇಳಬೇಕೆಂದರೆ ಆ ಸಂಜೆ ನನಗೆ ಸಂತೋಷವಾಗಿತ್ತು.

ಎರಡು ದಿನ ಬಿಟ್ಟು ಅಧ್ಯಕ್ಷರು ಬಂದರು. ಪಡಸಾಲೆಯ ನಡುವೆ ನಿಂತು, ಯಾವ ಗೋಡೆ ಎಂದು ಮರೆತವರಂತೆ ಒಂದು ಸುತ್ತು ತಿರುಗಿದರು.

"ಬರದಿದ್ದು ಎಲ್ಲೋ?"

"ಯಾವುದ್ರಿ?"

"ಗ್ವಾಡಿ ಮ್ಯಾಲ ಬರದಿದ್ದು! ಯಾರು ಹೇಳಿದ್ರು ನಿನಗ ಹೆರಿಯಾಕ?"

ನಾನು ಏನು ಹೇಳಬಹುದಿತ್ತು ಎಂಬುದನ್ನು ಆಮೇಲೆ ನೂರು ಸಲ ಹೇಳಿಕೊಂಡು ನೋಡಿದ್ದೇನೆ. ಆಗ ಬಾಯಿಂದ ಬಂದದ್ದು ಇದು:

"ಅಕ್ಕಾರ ಹೇಳಿದ್ರಿ. ಎಲ್ಲಾ ಗ್ವಾಡಿ ಹಚ್ಚು ಅಂದ್ರು."

ಅಷ್ಟರಲ್ಲಿ ಅಕ್ಕಾರು ಸವಣೂರಿನಿಂದ ಬಂದರು. ಚೀಲ ಇನ್ನೂ ಕೈಯಲ್ಲಿತ್ತು. ಬಾಗಿಲಿನಿಂದಲೇ ಗೋಡೆ ಕಂಡಿತು. ಅವರು ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಬಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಹತ್ತಿರ ಹೋಗಿ ಅಂಗೈ ಇಟ್ಟರು. ಆ ಬೆಳಿಗ್ಗೆ ಬಳಿದ ಎರಡನೆಯ ಕೈ ಪುಟ್ಟಿ ಹಸಿಯಿತ್ತು, ಕೈಗೆ ಬೆಳ್ಳಗೆ ಹತ್ತಿತು.

"ತಾಯಿ, ನೀವ ಹೇಳಿದ್ರಂತ. ಎಲ್ಲಾ ಗ್ವಾಡಿ ಹಚ್ಚು ಅಂತ." ಅಧ್ಯಕ್ಷರ ದನಿ ಗಟ್ಟಿಯಾಗಿತ್ತು. "ಹಂಗ ಅಂದ್ರೇನ್ರಿ ನೀವು?"

ಅಕ್ಕಾರು ನನ್ನ ಕಡೆ ನೋಡಿದರು. ನಾನು ತಗಡು ತೊಳೆಯತೊಡಗಿದೆ. ಅದು ಆಗಲೇ ತೊಳೆದದ್ದಾಗಿತ್ತು. ಅವರು ನಾನು ಮಾತಾಡಲಿ ಎಂದು ಕಾದರು. ಆಮೇಲೆ ನಿಧಾನವಾಗಿ ಅಂದರು:

"ಅಂದಿರಬೇಕ್ರಿ. ಹೊರಡೂ ಗಡಿಬಿಡಿಯಾಗ... ನೆನಪಿಲ್ಲ."

ನನ್ನನ್ನು ಉಳಿಸಲು ಹಾಗೆ ಅಂದರೋ, ಅಥವಾ ನಾನು ಸುಳ್ಳು ಹೇಳುವವನಲ್ಲ ಎಂಬ ನಂಬಿಕೆಯಿಂದ ತಮ್ಮ ನೆನಪನ್ನೇ ಸುಳ್ಳು ಮಾಡಿಕೊಂಡರೋ, ನನಗೆ ಗೊತ್ತಾಗಲಿಲ್ಲ. ನನ್ನನ್ನು ಉಳಿಸಿದರು ಎಂದೇ ನಾನು ಇಟ್ಟುಕೊಂಡೆ. ಅದರಲ್ಲಿ ನನ್ನ ಪಾಲಿನ ತಪ್ಪು ಸ್ವಲ್ಪ ಕಡಿಮೆ ಕಾಣುತ್ತಿತ್ತು.

ಉದ್ಘಾಟನೆ ಆಯಿತು. ಮಂತ್ರಿಗಳು ಬರಲಿಲ್ಲ. ಕೆಲಸಗಾರರಿಗೆ ಶಾಲು ಹೊದಿಸಿದರು, ನನಗೂ ಒಂದು. ಅಕ್ಕಾರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರನ್ನು ವೇದಿಕೆಗೆ ಕರೆಯಲಿಲ್ಲ. ಮುಂದಿನ ವಾರ ತಮ್ಮನ ಮನೆಯಲ್ಲಿರಲು ಸವಣೂರಿಗೆ ಹೋದರು. ಆ ಶಾಲನ್ನು ನಾನು ಇವತ್ತಿನವರೆಗೆ ಹೊದ್ದಿಲ್ಲ. ಹೊದ್ದಿಲ್ಲ ಎಂಬುದನ್ನೇ ಬಹಳ ವರ್ಷ ಪಶ್ಚಾತ್ತಾಪ ಎಂದು ಲೆಕ್ಕ ಹಿಡಿದಿದ್ದೆ.

ಆಮೇಲೆ ಸವಣೂರಿನಲ್ಲೇ ನನಗೆ ಕೆಲಸ ಸಿಕ್ಕಿತು. ಅಕ್ಕಾರ ತಮ್ಮನ ಮನೆ ಅಲ್ಲಿಂದ ಎರಡು ಓಣಿ ಆಚೆ. ಒಂದು ತಿಂಗಳು ದಿನಾ ಬಸ್ಸಿಳಿದು ಆ ಓಣಿಯ ಬಾಯಿ ದಾಟಿ ಹೋದೆ, ದಾಟಿ ಬಂದೆ. ಬರುವಾಗ ಅಲ್ಲಿನ ಕುರುಕಲು ಖಾರ ಕಟ್ಟಿಸಿಕೊಂಡು ಬರುತ್ತಿದ್ದೆ. ಅಷ್ಟು ಖಾರ ನಮ್ಮ ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಕೆಲಸ ಮುಗಿಯಿತು. ಕೆಲವು ವರ್ಷದ ಮೇಲೆ ಹಾನಗಲ್ಲಿನ ಚಹಾದಂಗಡಿಯವನು, "ಮಾಮಾ, ಅಕ್ಕಾರು ಹೋದ್ರಂತ" ಎಂದ. ಹೂಂ ಎಂದೆ. ಚಹಾ ಪೂರ್ತಿ ಕುಡಿದೆ.

ಈ ವರ್ಷ ಮಗಳು ನನ್ನನ್ನು ಆ ಮನೆಗೆ ಕರೆದುಕೊಂಡು ಹೋದಳು. ಅವಳು ಶಾಲೆಯ ಮಾಸ್ತರತಿ. ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮೊದಲು ಒಮ್ಮೆ ನೋಡಿ ಬರಬೇಕಂತೆ. "ಅಪ್ಪಾ, ನೀ ಬಣ್ಣ ಹಚ್ಚಿದ ಮನಿ, ಬಾ" ಎಂದಳು. ಮೊಣಕಾಲು ನೋವು ಎಂದೆ. ಬಸ್ಸಿನಲ್ಲಿ ಮೊಣಕಾಲಿಗೆ ಕೆಲಸವಿಲ್ಲ ಎಂದಳು.

ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಹೋದೆವು. ನನ್ನ ಪುಟ್ಟಿ ಎಲ್ಲೂ ಎದ್ದಿರಲಿಲ್ಲ. ಪಡುವಣ ಗೋಡೆಯ ಮುಂದೆ ಹಗ್ಗ ಕಟ್ಟಿದ್ದಾರೆ. ಗೋಡೆಯ ಮೇಲೆ ಏನೂ ಇಲ್ಲ. ಬದಿಗೆ ಒಂದು ಬೋರ್ಡು ಇದೆ. ಮಗಳು ಪಾಠ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದಳು:

"ಈ ಗೋಡೆಯ ಮೇಲೆ ಲೇಖಕರು ತಮ್ಮ ಟಿಪ್ಪಣಿಗಳನ್ನು ಬರೆಯುತ್ತಿದ್ದರು. ಕುಟುಂಬದವರ ತಿಳಿವಳಿಕೆಯ ಕೊರತೆಯಿಂದ ಅವು ಅಳಿದುಹೋದವು."

ಇಬ್ಬರು ಹುಡುಗಿಯರು ಖಾಲಿ ಗೋಡೆಯ ಮುಂದೆ ನಿಂತು ಫೋಟೋ ತೆಗೆದುಕೊಂಡರು.

"ಎಂಥಾ ಮಂದಿ ಇರ್ತಾರಪಾ," ಎಂದಳು ಮಗಳು. "ಮನ್ಯಾಗ ಇದ್ದು ಇದ್ದು ಕಿಮ್ಮತ್ತು ಗೊತ್ತಾಗೂದಿಲ್ಲ ನೋಡು. ಸೊಸಿನ ಇರಬೇಕು."

ಹದಿನೈದು ವರ್ಷ ಹೊರಡದ ಮಾತು ಆಗ ಹೊರಟಿತು. ಧೈರ್ಯದಿಂದಲ್ಲ. ನನ್ನ ಮಗಳು ಅಕ್ಕಾರನ್ನು ಬೈಯುವುದನ್ನು ಕೇಳಿ ನಿಲ್ಲಲು ಆಗಲಿಲ್ಲ, ಅಷ್ಟೇ.

"ಸೊಸಿ ಅಲ್ಲವ್ವ. ನಾನು."

ಪೂರ್ತಿ ಹೇಳಿದೆ. ಮುಗಿದ ಮೇಲೆ, "ಅಪ್ಪಾ, ಆ ಕಟ್ಟಿ ಮ್ಯಾಲ ಕುಂಡ್ರು" ಎಂದಳು. ಕೂತೆ. ನೀರು ತಂದುಕೊಟ್ಟಳು. ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿ, ಸ್ಮಾರಕ ನೋಡಿಕೊಳ್ಳುವವರ ಮೇಜಿನ ಮುಂದೆ ನಿಲ್ಲಿಸಿದಳು. ತಪ್ಪು ಮಾಡಿದ ಮಕ್ಕಳನ್ನು ಅವಳು ಹೆಡ್‌ಮಾಸ್ತರರ ಹತ್ತಿರ ಒಯ್ಯುವುದು ಹೀಗೇ ಇರಬೇಕು.

ಆತ ಕೇಳಿಕೊಂಡು ಕನ್ನಡಕ ತೆಗೆದ.

"ಬೋರ್ಡು ಬದಲಿ ಮಾಡಬೇಕಂದ್ರ ಅರ್ಜಿ ಕೊಡಬೇಕಾಗ್ತೈತ್ರಿ ಅಜ್ಜಾರ. ಸಮಿತಿ ಮುಂದ ಇಡ್ತೇನಿ. ಆಧಾರ್ ಕಾರ್ಡಿನ ಝೆರಾಕ್ಸ್ ಹಚ್ಚರಿ."

"ತಪ್ಪು ಒಪ್ಪಿಕೊಳ್ಳಾಕೂ ಆಧಾರ್ ಬೇಕೇನ್ರಿ?" ಎಂದೆ.

"ನಾಳೆ ಇನ್ನೊಬ್ರು ಬಂದು ನಾ ಹೆರದೇನಿ ಅಂದ್ರ ಏನ್ ಮಾಡೂದ್ರಿ?" ಆತ ಚೇಷ್ಟೆ ಮಾಡುತ್ತಿರಲಿಲ್ಲ. "ಆ ಬಾಯಾರ ಹೆಸರೇನ್ರಿ? ಅರ್ಜಿ ಒಳಗ ಅವರ ಹೆಸರು ಬೇಕಲ್ಲ."

ನಾನು ಬಾಯಿ ತೆರೆದೆ. ಅಕ್ಕಾರು ಎಂಬುದು ಬಿಟ್ಟರೆ ಬೇರೆ ಏನೂ ಬರಲಿಲ್ಲ. ಮಗಳು ನನ್ನ ಮುಖ ನೋಡಿದಳು.

"ಇಪ್ಪತ್ತು ವರ್ಷ ಆ ಮನ್ಯಾಗ ಚಹಾ ಕುಡದಿ. ಹೆಸರು ಗೊತ್ತಿಲ್ಲ?"

ಆತ ಕಡತ ತೆಗೆದು ನೋಡಿದ. ಮನೆ ಬಿಟ್ಟುಕೊಟ್ಟ ಕಾಗದದ ಪ್ರತಿ ಅಲ್ಲಿರಲಿಲ್ಲ. ಗೋಡೆಗೆ ಹಾಕಿದ ಫೋಟೋಗಳಲ್ಲಿ ಲೇಖಕರಿದ್ದರು, ಅವರ ಸ್ನೇಹಿತರಿದ್ದರು, ಅವರ ಎಮ್ಮೆ ಇತ್ತು. ಸೊಸೆ ಇರಲಿಲ್ಲ.

ಮುಂದಿನ ಭಾನುವಾರ ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಸವಣೂರಿಗೆ ಹೋದೆವು. ಬಾಳೆಹಣ್ಣು ಒಯ್ದಿದ್ದೆ. ಆ ಓಣಿಯ ಬಾಯಿಯಲ್ಲಿ ನನ್ನ ಕಾಲು ರೂಢಿಯಂತೆ ಮುಂದಕ್ಕೇ ಹೊರಟವು. ಮಗಳು ತೋಳು ಹಿಡಿದು ತಿರುಗಿಸಿದಳು. ಅಕ್ಕಾರ ತಮ್ಮನೂ ಈಗಿಲ್ಲ. ಆ ತಮ್ಮನ ಸೊಸೆ ಬಾಗಿಲು ತೆರೆದರು. ನಾನು ಯಾರು ಎಂದು ಹೇಳಿದೆ, ಹಾನಗಲ್ಲಿನ ಬಣ್ಣದವನು ಎಂದು. ಮಿಕ್ಕದ್ದು ಹೇಳುವ ಮೊದಲೇ ಅವರು ಚಹಾ ಇಟ್ಟರು.

"ನಮ್ಮ ಹಾನಗಲ್ಲ ಅತ್ತಿ ಭಾಳ ಮಜಾ ಇದ್ರು ಬಿಡ್ರಿ," ಎಂದರು. "ಇಲ್ಲಿಗೆ ಬಂದ ಮ್ಯಾಲ ಒಂದು ಚಟಾ ಹಿಡದಿತ್ತು. ಯಾರಿಗೆ ಏನ ಹೇಳಿದ್ರೂ ಕ್ಯಾಲೆಂಡರದ ಮ್ಯಾಲ ಬರದಿಡೋರು. ಹಾಲಿನವಗ ನಾಳೆ ಬ್ಯಾಡ ಅಂದ್ರ, ಬರೀಬೇಕು. ಯಾಕ್ರಿ ಅತ್ತಿ ಅಂದ್ರ, 'ನಾ ಏನ ಹೇಳೇನಿ ಅನ್ನೂದು ನನಗ ನೆನಪಿರೂದಿಲ್ಲವ್ವ. ಒಮ್ಮೆ ಹಂಗಾಗಿ ದೊಡ್ಡ ಲುಕ್ಸಾನ ಆಗೇತಿ' ಅನ್ನೋರು. ಖರೇ ಅಂದ್ರ ಅವರಿಗೆ ಎಲ್ಲಾ ನೆನಪಿರತಿತ್ತು. ನಮ್ಮ ಮಕ್ಕಳ ಜಾತಕ ಎಲ್ಲಾ ಬಾಯಿಲೇ ಹೇಳೋರು."

ಬಾಗಿಲ ಹಿಂದೆ ಒಂದು ಹಳೆಯ ಕ್ಯಾಲೆಂಡರು ತೂಗುತ್ತಿತ್ತು. ದೇವರ ಚಿತ್ರ ಇದೆ ಎಂದು ಎಸೆದಿರಲಿಲ್ಲ. ತೆಗೆದು ನನ್ನ ಕೈಗೆ ಕೊಟ್ಟರು. ತಾರೀಖಿನ ಚೌಕಗಳಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಆಪರೇಶನ್ ಆದ ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿ ಕಂಡವು. "ಹೂವಿನಾಕಿಗೆ ಶುಕ್ರವಾರ ಬಾ ಅಂದೆ." "ತಮ್ಮಗ ಔಷಧ ತಗೊ ಅಂದೆ. ಹೂಂ ಅಂದ." ದೀಪಾವಳಿಯ ತಿಂಗಳಲ್ಲಿ, ಒಂದು ಚೌಕ ಸಾಲದೆ ಎರಡು ಚೌಕಗಳಲ್ಲಿ: "ಸುಣ್ಣದವರು ಬಂದಿದ್ದರು. ಎಲ್ಲಾ ಗ್ವಾಡಿ ಹಚ್ಚರಿ ಅಂದೆ. ಅಂದದ್ದು ಖರೆ."

ಅವರು ನನ್ನನ್ನು ಉಳಿಸಿರಲಿಲ್ಲ. ನನ್ನನ್ನು ನಂಬಿದ್ದರು.

ಆ ಮನೆಯಾಕೆಗೆ ಆಮೇಲೆ ಎಲ್ಲ ಹೇಳಿದೆ. ಚಹಾ ಆರಿತು. ಅವರು ಕ್ಯಾಲೆಂಡರನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡು ಮೊದಲಿದ್ದ ಮೊಳೆಗೇ ಹಾಕಿದರು. "ಅತ್ತಿ ಇದ್ದಾಗ ಬರಬೇಕಿತ್ರಿ ನೀವು," ಎಂದರು. ಅಕ್ಕಾರ ಹೆಸರು ಕೇಳಿದೆ. ಹೇಳಿದರು. ಮಗಳು ಬರೆದುಕೊಂಡಳು.

ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಮಗಳು ತಾನು ಬರೆಯುತ್ತೇನೆ ಎಂದಳು, ನಾನು ಕೊಡಲಿಲ್ಲ. ಅಕ್ಷರ ಸೊಟ್ಟ ಬಂದವು. ಹಿರೇಕೆರೂರಿನ ಬಸ್ಸು ಒಂದು ಹೋಯಿತು, ಇನ್ನೊಂದಕ್ಕೆ ಕಾದೆವು. ಅರ್ಜಿ ಈಗ ಸಮಿತಿಯ ಮುಂದಿದೆ. ಮುಂದಿನ ಸಭೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ನಾನಿಲ್ಲವಾದರೆ ಎಂದು ಇಲ್ಲಿಯೂ ಬರೆದಿದ್ದೇನೆ.

ಅರ್ಜಿಯಲ್ಲಿ ಅವರ ಪೂರ್ತಿ ಹೆಸರು ಇದೆ. ಅದು ಮೊದಲು ಆ ಬೋರ್ಡಿನ ಮೇಲೆ ಬರಲಿ ಎಂದು ಇಲ್ಲಿ ಹಾಕಿಲ್ಲ. ನಾನು ಕ್ಷಮೆ ಕೇಳದೆ ಬಿಟ್ಟವರು ಹಾನಗಲ್ಲಿನ ಆ ಮನೆಯ ಸೊಸೆ, ಆ ಗೋಡೆಯ ಮುಂದೆ ಮಣೆ ಹಾಕಿಕೊಂಡು ಕೂಡುತ್ತಿದ್ದ ಅಕ್ಕಾರು. ಎಲ್ಲಾ ಗೋಡೆ ಹಚ್ಚು ಎಂದು ಅವರು ನನಗೆ ಅಂದಿರಲಿಲ್ಲ.